ಆಂಟೆನಾ ರಿಲೇ ಅಲುಗಬೇಕಾದದ್ದು ಪ್ರಸಾರ ನಿಂತ ಮೇಲೆ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಸತ್ತ ರಿಲೇ ಇದೆ; ಹವ್ಯಾಸಿ ರೇಡಿಯೋದ ಆಂಟೆನಾ ಬದಲಿಸಲು ಬಳಸಿದ್ದ, ಕಾಯಿಲಿಗೆ (ತಂತಿಸುರುಳಿಗೆ) ವಿದ್ಯುತ್ ಕೊಟ್ಟರೆ ಕಾಂಟ್ಯಾಕ್ಟ್‌ಗಳು ಸರಿಯುವ ಸ್ವಿಚ್ಚು ಅದು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಗರಗಸದಿಂದ ಕೊಯ್ದು ತೆಗೆದು ಹಾಗೆಯೇ ಇಟ್ಟುಕೊಂಡಿದ್ದೇನೆ. ಭೂತಗನ್ನಡಿ ಹಿಡಿದು ನೋಡಿದರೆ ಬೆಳ್ಳಿಯ ಎರಡು ಪುಟ್ಟ ಗುಂಡಿಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಅಂಚಿನಲ್ಲಿ ಕರಗಿ ಗಟ್ಟಿಯಾದ ಲೋಹದ ಗುಳ್ಳೆಗಳು, ಸುತ್ತಲೂ ಮಸಿ. 400 ವ್ಯಾಟ್ ಹೊರಹೋಗುತ್ತಿದ್ದಾಗ ನಾನು ಒಮ್ಮೆ, ಒಂದೇ ಒಂದು ಬಾರಿ, ಆಂಟೆನಾ ಸ್ವಿಚ್ಚನ್ನು ತಿರುಗಿಸಿದ್ದೆ. ಆಮೇಲೆ ಸ್ವಿಚ್ಚು ತಿರುಗುತ್ತಿತ್ತು, ದೀಪ ಬದಲಾಗುತ್ತಿತ್ತು, ಆಂಟೆನಾ ಮಾತ್ರ ಹಳೆಯದೇ ಉಳಿದಿತ್ತು. ದೋಷ ಮೇಲಿನ ತಂತಿಯಲ್ಲಿರಬೇಕೆಂದು ಒಂದಿಡೀ ಸಂಜೆ ಹುಡುಕಿದೆ.

ಆ ರಿಲೇಯ ಬೆನ್ನ ಮೇಲೆ 16 ಆಂಪಿಯರ್, 250 ವೋಲ್ಟ್ ಎಂದು ಅಚ್ಚಾಗಿದೆ. ನನ್ನ ಕೇಬಲ್ಲಿನಲ್ಲಿ ಹರಿಯುತ್ತಿದ್ದದ್ದು 3 ಆಂಪಿಯರಿಗೂ ಕಡಿಮೆ. ಹಾಗಿದ್ದೂ ಅದು ಸುಟ್ಟಿತು. ಅಚ್ಚಾದ ಆ ಅಂಕಿಗಳು ಮನೆಯ 50 ಹರ್ಟ್ಸ್ ವಿದ್ಯುತ್ತಿನದು. ಅಲ್ಲಿ ಪ್ರವಾಹ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಇಳಿಯುತ್ತದೆ, ಆ ಬಿಡುವಿನಲ್ಲಿ ಕಿಡಿ ಆರುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ ಅರ್ಧ ಆವರ್ತಕ್ಕೆ ಸಿಗುವುದು ಸುಮಾರು 36 ನ್ಯಾನೋಸೆಕೆಂಡು. ಕಾದ ಅನಿಲ ತಣ್ಣಗಾಗಲು ಅಷ್ಟು ಹೊತ್ತು ಸಾಲುವುದೇ ಇಲ್ಲ. ಕಾಂಟ್ಯಾಕ್ಟ್‌ಗಳು ದೂರ ಸರಿದರೂ ನಡುವೆ ಕಿಡಿಯ ಸೇತುವೆ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಆಂಟೆನಾ ಕೆಲಸದಲ್ಲಿ ರಿಲೇಯನ್ನು ಆರ್‌ಎಫ್ (ರೇಡಿಯೋ ಆವರ್ತನದ ವಿದ್ಯುತ್) ಹೊರುವ ಸಾಧನವೆಂದು ಮಾತ್ರ ಎಣಿಸಬೇಕು, ಆರ್‌ಎಫ್ ಕತ್ತರಿಸುವ ಸಾಧನವೆಂದು ಎಂದೂ ಎಣಿಸಬಾರದು. ಕೆಳಗಿನ ಹಂತಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ.

ಹಂತ 1: ನಿಮ್ಮ ಕೇಬಲ್ಲಿನ ವೋಲ್ಟೇಜು, ಪ್ರವಾಹ ಎಷ್ಟೆಂದು ಲೆಕ್ಕ ಹಾಕಿ

50 ಓಮ್ ಕೇಬಲ್ಲಿನಲ್ಲಿ ಲೆಕ್ಕ ಸುಲಭ. ಶಕ್ತಿಯನ್ನು 50ರಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜು, 50ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಪ್ರವಾಹ. 100 ವ್ಯಾಟಿಗೆ 71 ವೋಲ್ಟ್, 1.4 ಆಂಪಿಯರ್. 400 ವ್ಯಾಟಿಗೆ 141 ವೋಲ್ಟ್, 2.8 ಆಂಪಿಯರ್. 1000 ವ್ಯಾಟಿಗೆ 224 ವೋಲ್ಟ್, 4.5 ಆಂಪಿಯರ್. ಇವೆಲ್ಲ ಆರ್‌ಎಂಎಸ್ (ಪರಿಣಾಮಕಾರಿ ಸರಾಸರಿ) ಅಂಕಿಗಳು. ಶಿಖರ ವೋಲ್ಟೇಜು ಬೇಕೆಂದರೆ 1.41ರಿಂದ ಗುಣಿಸಿ.

ಇದು ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿದೆ ಎಂಬ ಅಳತೆ; 1 ಎಂದರೆ ಪೂರ್ಣ ಹೊಂದಿಕೆ) 1 ಇದ್ದಾಗಿನ ಮಾತು. ಎಸ್‌ಡಬ್ಲ್ಯುಆರ್ 3 ಆದರೆ ಕೇಬಲ್ಲಿನ ಯಾವುದೋ ಒಂದು ಜಾಗದಲ್ಲಿ ವೋಲ್ಟೇಜು, ಇನ್ನೊಂದು ಜಾಗದಲ್ಲಿ ಪ್ರವಾಹ ಸುಮಾರು 1.7 ಪಟ್ಟು ಏರುತ್ತದೆ. ಅದೇ 400 ವ್ಯಾಟಿಗೆ ಗರಿಷ್ಠ 245 ವೋಲ್ಟ್, 4.9 ಆಂಪಿಯರ್. ನಿಮ್ಮ ರಿಲೇ ಡಬ್ಬಿ ಆ ಎರಡರಲ್ಲಿ ಯಾವ ಜಾಗದಲ್ಲಿ ಕುಳಿತಿದೆ ಎಂಬುದು ಬ್ಯಾಂಡಿನಿಂದ ಬ್ಯಾಂಡಿಗೆ ಬದಲಾಗುತ್ತದೆ. ಹಾಗಾಗಿ ಎರಡೂ ಗರಿಷ್ಠ ಅಂಕಿಗಳನ್ನು ತಡೆಯುವ ರಿಲೇಯೇ ಬೇಕು.

ತುದಿಯಿಂದ ಉಣಿಸುವ ಅರ್ಧ ತರಂಗದ ತಂತಿಯ ಬುಡದಲ್ಲಿ ರಿಲೇ ಇಡಬೇಕೆಂದು ಕೆಲವರಿಗೆ ಆಸೆಯಾಗುತ್ತದೆ. ಅಲ್ಲಿ ಪ್ರತಿರೋಧ ಎರಡು ಸಾವಿರ ಓಮ್ ಮೀರಿರುತ್ತದೆ. 2450 ಓಮ್ ಎಂದಿಟ್ಟುಕೊಂಡರೆ ಕೇವಲ 100 ವ್ಯಾಟಿಗೇ 495 ವೋಲ್ಟ್, ಶಿಖರದಲ್ಲಿ 700 ವೋಲ್ಟ್. ಸಾಮಾನ್ಯ ರಿಲೇಗೆ ಅದು ಸಲ್ಲದ ಜಾಗ. ಕೇಬಲ್ಲಿಗೂ ತಂತಿಗೂ ನಡುವಿನ ಟ್ರಾನ್ಸ್‌ಫಾರ್ಮರಿನ 50 ಓಮ್ ಬದಿಯಲ್ಲಿ ಬದಲಾಯಿಸಿ.

ಹಂತ 2: ರಿಲೇ ಆರಿಸಿ

30 ಮೆಗಾಹರ್ಟ್ಸ್‌ವರೆಗೆ, ಕೆಲವು ನೂರು ವ್ಯಾಟಿನವರೆಗೆ, ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರುವ ತೆರೆದ ಗಾಳಿಯ ಪವರ್ ರಿಲೇಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. 16 ಆಂಪಿಯರ್ ವರ್ಗದ, 12 ವೋಲ್ಟ್ ಕಾಯಿಲಿನ, ಒಂದು ಕಾಮನ್ (ಚಲಿಸುವ ಕಾಂಟ್ಯಾಕ್ಟ್), ಒಂದು ಎನ್‌ಸಿ (ಕಾಯಿಲಿಗೆ ವಿದ್ಯುತ್ ಇಲ್ಲದಾಗ ಕಾಮನ್‌ಗೆ ಕೂಡಿರುವುದು), ಒಂದು ಎನ್‌ಒ (ವಿದ್ಯುತ್ ಕೊಟ್ಟಾಗ ಕೂಡುವುದು) ಇರುವ ರಿಲೇ ನನ್ನ ಆಯ್ಕೆ. ಡೇಟಾಶೀಟಿನಲ್ಲಿ ಮೂರು ಸಂಗತಿ ನೋಡಿ: ತೆರೆದ ಕಾಂಟ್ಯಾಕ್ಟ್‌ಗಳ ನಡುವಿನ ವೋಲ್ಟೇಜು ತಾಳಿಕೆ, ಕಾಯಿಲಿಗೂ ಕಾಂಟ್ಯಾಕ್ಟ್‌ಗೂ ನಡುವಿನ ತಾಳಿಕೆ, ಹಿಡಿಯಲು ಮತ್ತು ಬಿಡಲು ತಗಲುವ ಸಮಯ. ತೆರೆದ ಕಾಂಟ್ಯಾಕ್ಟ್‌ಗಳಿಗೆ ಇಂಥ ರಿಲೇಗಳಲ್ಲಿ ಸಾಮಾನ್ಯವಾಗಿ 1000 ವೋಲ್ಟ್ ಎಂದು ಬರೆದಿರುತ್ತಾರೆ. ಅದು ಕೂಡ 50 ಹರ್ಟ್ಸ್‌ನಲ್ಲಿ, ಒಣ ಗಾಳಿಯಲ್ಲಿ, ಹೊಸ ಕಾಂಟ್ಯಾಕ್ಟಿನ ಮೇಲೆ ಅಳೆದದ್ದು. ನಾನು ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ನಂಬುವುದಿಲ್ಲ.

144 ಮೆಗಾಹರ್ಟ್ಸ್ ಮತ್ತು ಮೇಲಿನ ಬ್ಯಾಂಡುಗಳಿಗೆ ಕೊಆಕ್ಸಿಯಲ್ ರಿಲೇಯನ್ನೇ (ಕೇಬಲ್ ಕನೆಕ್ಟರುಗಳನ್ನೇ ಮೈಮೇಲೆ ಹೊತ್ತ, ಲೋಹದ ಹೊದಿಕೆಯ ರಿಲೇ) ಕೊಳ್ಳಿ. ಕಾರಣ ಹಂತ 4ರಲ್ಲಿ ಸಿಗುತ್ತದೆ. ಪೂರ್ಣ ಶಕ್ತಿಯ ಆಂಪ್ಲಿಫೈಯರ್, ಎತ್ತರದ ವೋಲ್ಟೇಜು ಎರಡೂ ಕೂಡಿದಾಗ ನಿರ್ವಾತ ರಿಲೇ ಸರಿಯಾದ ದಾರಿ. ಆದರೆ ಅದರಲ್ಲಿಯೂ ‘ಹೊರುವ’ ಪ್ರವಾಹ ಬೇರೆ, ‘ಕತ್ತರಿಸುವ’ ಪ್ರವಾಹ ಬೇರೆ. ಎರಡನ್ನೂ ಒಂದೇ ಎಂದು ಓದಬೇಡಿ.

‘ಸಾಲಿಡ್ ಸ್ಟೇಟ್ ರಿಲೇ’ ಎಂಬ ಹೆಸರಿನ ಚೌಕ ಡಬ್ಬಿಗಳನ್ನು ಈ ಕೆಲಸಕ್ಕೆ ತರಬೇಡಿ. ಅವುಗಳ ಒಳಗಿರುವುದು ಸಾಮಾನ್ಯವಾಗಿ ಮನೆಯ ವಿದ್ಯುತ್ತಿಗಾಗಿ ಮಾಡಿದ ಟ್ರಯಾಕ್ ಎಂಬ ಅರೆವಾಹಕ ಸ್ವಿಚ್ಚು. ಆರ್‌ಎಫ್ ಅದರೊಳಗೆ ಸರಿಯಾಗಿ ಹೋಗುವುದೂ ಇಲ್ಲ, ಅದು ಆರ್‌ಎಫ್ ಅನ್ನು ಸರಿಯಾಗಿ ತಡೆಯುವುದೂ ಇಲ್ಲ. ಮೈಕ್ರೋಕಂಟ್ರೋಲರಿನ ಜೊತೆ ಬರುವ ಸಿದ್ಧ ರಿಲೇ ಬೋರ್ಡುಗಳು ಕಾಯಿಲುಗಳಿಗೆ ವಿದ್ಯುತ್ ಕೊಡಲು ಸಾಕು. ಅವುಗಳ ಉದ್ದನೆಯ ತಾಮ್ರದ ಗೆರೆಗಳ ಮೂಲಕ ಆರ್‌ಎಫ್ ಹಾಯಿಸಬೇಡಿ.

ಬರೀ ಕೇಳುವುದಕ್ಕೆಂದೇ ಇರುವ ಆಂಟೆನಾಗಳಿಗೆ ದೊಡ್ಡ ಪವರ್ ರಿಲೇ ಒಗ್ಗುವುದಿಲ್ಲ. ಬೆಳ್ಳಿಯ ಮೇಲೆ ಕಾಲಕ್ರಮೇಣ ತೆಳುವಾದ ಪೊರೆ ಕಟ್ಟುತ್ತದೆ. ಪ್ರಸಾರದ ಪ್ರವಾಹ ಅದನ್ನು ಒಡೆದು ದಾರಿ ಮಾಡಿಕೊಳ್ಳುತ್ತದೆ, ಮೈಕ್ರೋವೋಲ್ಟಿನ ಸಂಕೇತಕ್ಕೆ ಆ ಶಕ್ತಿಯಿಲ್ಲ. ಒಮ್ಮೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಬಿಟ್ಟೊಡನೆ ರಿಸೀವರಿಗೆ ಜೀವ ಬಂದರೆ ಈ ಪೊರೆಯ ಮೇಲೆಯೇ ಅನುಮಾನಪಡಿ. ಅಲ್ಲಿಗೆ ಚಿನ್ನದ ಲೇಪವಿರುವ ಸಣ್ಣ ಸಿಗ್ನಲ್ ರಿಲೇ ಹಾಕಿ.

ಹಂತ 3: ವಿದ್ಯುತ್ ಹೋದಾಗ ಡಬ್ಬಿ ಏನು ಮಾಡಬೇಕೆಂದು ತೀರ್ಮಾನಿಸಿ

ಸ್ಕೀಮ್ಯಾಟಿಕ್ ಬರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ನಿಯಂತ್ರಣ ಕೇಬಲ್ ಕಿತ್ತುಹೋಯಿತು, ಫ್ಯೂಸು ಹಾರಿತು, ಕಾಯಿಲ್ ಸುಟ್ಟಿತು; ಆಗ ಟ್ರಾನ್ಸ್‌ಮಿಟರಿನ ಮುಂದೆ ಏನಿರುತ್ತದೆ?

ನಾನು ಬಳಸುವ ಜೋಡಣೆ ಹೀಗಿದೆ. ಪ್ರತಿ ಆಂಟೆನಾಕ್ಕೆ ಒಂದು ರಿಲೇ. ಆಂಟೆನಾ ಕಾಮನ್‌ಗೆ, ಎನ್‌ಸಿ ನೆಲಕ್ಕೆ (ಗ್ರೌಂಡ್), ಎನ್‌ಒ ರೇಡಿಯೋದ ಕಡೆಯ ಸಾಮಾನ್ಯ ಪಟ್ಟಿಗೆ. ಆರಿಸದ ಆಂಟೆನಾಗಳೆಲ್ಲ ತಾವಾಗಿಯೇ ನೆಲಕ್ಕೆ ಕೂಡಿರುತ್ತವೆ. ಆದರೆ ಎಲ್ಲ ರಿಲೇಗಳೂ ಬಿಟ್ಟಾಗ ರೇಡಿಯೋದ ಮುಂದೆ ಖಾಲಿ ಗಾಳಿ ಉಳಿಯುತ್ತದೆ. ಅದಕ್ಕಾಗಿ ರೇಡಿಯೋದ ಬದಿಯಲ್ಲಿ ಇನ್ನೊಂದು ರಿಲೇ ಇಡುತ್ತೇನೆ. ಅದಕ್ಕೆ ವಿದ್ಯುತ್ ಇಲ್ಲದಾಗ ರೇಡಿಯೋ ಡಮ್ಮಿ ಲೋಡಿಗೆ (ಶಕ್ತಿಯನ್ನು ಬಿಸಿಯಾಗಿಸಿ ಕಳೆಯುವ ರೆಸಿಸ್ಟರಿಗೆ) ಹೋಗುತ್ತದೆ, ಯಾವುದಾದರೊಂದು ಆಂಟೆನಾ ಆರಿಸಿದಾಗ ಮಾತ್ರ ಪಟ್ಟಿಗೆ ಬರುತ್ತದೆ. ಕತ್ತಲೆಯಲ್ಲಿ ತಪ್ಪಿ ಪ್ರಸಾರ ಮಾಡಿದರೂ ಶಕ್ತಿಗೆ ಹೋಗಲು ಜಾಗವಿರುತ್ತದೆ. ಡಮ್ಮಿ ಲೋಡ್ ನಿಮ್ಮ ಪೂರ್ಣ ಶಕ್ತಿಯನ್ನು ತಾಳುವಷ್ಟು ದೊಡ್ಡದಿರಲಿ.

ಒಂದು ಸೂಕ್ಷ್ಮ ಇಲ್ಲಿದೆ. ಆರಿಸದ ಆಂಟೆನಾದ ಕೇಬಲ್ಲನ್ನು ನೆಲಕ್ಕೆ ಕೂಡಿಸಿದರೆ ಪಕ್ಕದ ಆಂಟೆನಾದ ಎಸ್‌ಡಬ್ಲ್ಯುಆರ್ ಕೆಲವೊಮ್ಮೆ ಬದಲಾಗುತ್ತದೆ. ಒಂದೇ ಕಂಬದ ಮೇಲೆ ಎರಡು ಮೂರು ತಂತಿಗಳಿದ್ದರಂತೂ ಇದನ್ನು ಅಳೆದೇ ನೋಡಬೇಕು. ಬದಲಾವಣೆ ಹೆಚ್ಚಾಗಿದ್ದರೆ ಆ ಕೇಬಲ್ಲಿನ ಉದ್ದವನ್ನು ಸ್ವಲ್ಪ ತಿದ್ದಿ.

ಹಂತ 4: ಡಬ್ಬಿಯೊಳಗಿನ ತಂತಿ

ಲೋಹದ ಡಬ್ಬಿ, ಅದರೊಳಗೆ ತಾಮ್ರದ ತಗಡು, ಎಲ್ಲ ಕನೆಕ್ಟರುಗಳ ಹೊರಮೈಗೂ ಆ ತಗಡಿಗೂ ನೇರ ಬೆಸುಗೆ ಅಥವಾ ಬಿಗಿಯಾದ ತಿರುಪು. ರಿಲೇಗಳನ್ನು ಸಾಲಾಗಿ ನಿಲ್ಲಿಸುವ ಬದಲು ರೇಡಿಯೋದ ಕನೆಕ್ಟರಿನ ಸುತ್ತ ನಕ್ಷತ್ರದಂತೆ ಇಟ್ಟರೆ ಎಲ್ಲ ದಾರಿಗಳೂ ಗಿಡ್ಡವಾಗುತ್ತವೆ, ಬಳಕೆಯಿಲ್ಲದ ತುಂಡುಗಳು ಪಟ್ಟಿಗೆ ನೇತಾಡುವುದಿಲ್ಲ.

ಗಿಡ್ಡ ತಂತಿಗೆ ಇಷ್ಟು ಒತ್ತು ಏಕೆಂದರೆ, ಬರಿಯ ತಂತಿಯ ಇಂಡಕ್ಟೆನ್ಸು ಹೆಚ್ಚುಕಡಿಮೆ ಮಿಲಿಮೀಟರಿಗೆ 1 ನ್ಯಾನೋಹೆನ್ರಿ. 5 ಸೆಂಟಿಮೀಟರ್ ತಂತಿ 3.5 ಮೆಗಾಹರ್ಟ್ಸ್‌ನಲ್ಲಿ 1 ಓಮ್ ಚಿಲ್ಲರೆ, ಲೆಕ್ಕಕ್ಕಿಲ್ಲ. ಅದೇ ತಂತಿ 28 ಮೆಗಾಹರ್ಟ್ಸ್‌ನಲ್ಲಿ ಸುಮಾರು 9 ಓಮ್, 50 ಮೆಗಾಹರ್ಟ್ಸ್‌ನಲ್ಲಿ 16 ಓಮ್. ತಂತಿಯ ಬದಲು ಅಗಲವಾದ ತಾಮ್ರದ ಪಟ್ಟಿಯನ್ನು ತಗಡಿನ ಹತ್ತಿರದಲ್ಲೇ ಹಾಯಿಸಿದರೆ ಈ ಅಂಕಿ ಬಹಳ ಇಳಿಯುತ್ತದೆ.

ತೆರೆದ ಕಾಂಟ್ಯಾಕ್ಟ್ ಪೂರ್ತಿ ತೆರೆದಿರುವುದಿಲ್ಲ. ಅದರ ನಡುವೆ 1 ಪಿಕೋಫ್ಯಾರಡ್ ಇದೆ ಎಂದುಕೊಳ್ಳಿ. 3.5 ಮೆಗಾಹರ್ಟ್ಸ್‌ನಲ್ಲಿ ಎರಡು 50 ಓಮ್ ತುದಿಗಳ ನಡುವೆ ಅದು 53 ಡೆಸಿಬೆಲ್ ತಡೆ ಒಡ್ಡುತ್ತದೆ. 28ರಲ್ಲಿ 35, 144ರಲ್ಲಿ ಬರೀ 21. 28 ಮೆಗಾಹರ್ಟ್ಸ್‌ನ 400 ವ್ಯಾಟಿನಲ್ಲಿ ಸುಮಾರು 126 ಮಿಲಿವ್ಯಾಟ್ ಆಚೆ ಬದಿಗೆ ಸೋರುತ್ತದೆ. ಆ ಬದಿಯಲ್ಲಿ ಇನ್ನೊಂದು ರಿಸೀವರ್ ಕೇಳುತ್ತಾ ಕುಳಿತಿದ್ದರೆ ಅದರ ಮುಂಭಾಗಕ್ಕೆ ಇಷ್ಟು ಸೋರಿಕೆಯೇ ಅಪಾಯ. ವಿಎಚ್‌ಎಫ್‌ಗೆ (144 ಮೆಗಾಹರ್ಟ್ಸ್‌ನಂಥ ಬ್ಯಾಂಡುಗಳಿಗೆ) ಕೊಆಕ್ಸಿಯಲ್ ರಿಲೇಯೇ ಬೇಕೆಂದು ಹೇಳಿದ್ದು ಇದಕ್ಕಾಗಿ. ಹಂತ 3ರ ಜೋಡಣೆಯಲ್ಲಿ ಆರಿಸದ ಆಂಟೆನಾದ ಕಾಮನ್ ನೆಲಕ್ಕೆ ಕೂಡಿರುವುದರಿಂದ ಸೋರಿದ್ದರಲ್ಲಿ ಬಹುಪಾಲು ಅಲ್ಲೇ ಇಂಗುತ್ತದೆ. ಎರಡು ರೇಡಿಯೋಗಳನ್ನು ಒಟ್ಟಿಗೆ ನಡೆಸುವವರು ಪ್ರತಿ ದಾರಿಯಲ್ಲೂ ಎರಡು ರಿಲೇಗಳನ್ನು ಸರಣಿಯಲ್ಲಿಟ್ಟು, ಬಿಟ್ಟ ಸ್ಥಿತಿಯಲ್ಲಿ ನಡುವಿನ ಬಿಂದುವನ್ನು ನೆಲಕ್ಕೆ ಇಳಿಸಲಿ.

ಹಂತ 5: ಕಾಯಿಲಿಗೆ ವಿದ್ಯುತ್

12 ವೋಲ್ಟಿನ ಮಾಮೂಲಿ ಕಾಯಿಲ್ 360 ಓಮ್ ಇದ್ದರೆ ಸುಮಾರು 33 ಮಿಲಿಆಂಪಿಯರ್ ಎಳೆಯುತ್ತದೆ. 30 ಮೀಟರ್ ದೂರಕ್ಕೆ ಕಂಪ್ಯೂಟರ್ ನೆಟ್‌ವರ್ಕ್ ಕೇಬಲ್ಲಿನ ಒಂದು ಜೋಡಿ ಹೋಗಿ ಬರುವಷ್ಟರಲ್ಲಿ 5 ಓಮ್ ಆಗುತ್ತದೆ. ನಷ್ಟ 0.2 ವೋಲ್ಟಿಗೂ ಕಡಿಮೆ, ಚಿಂತೆಯಿಲ್ಲ. 24 ಅಥವಾ 28 ವೋಲ್ಟಿನ ಕೊಆಕ್ಸಿಯಲ್ ರಿಲೇಗಳು ಇದಕ್ಕಿಂತ ಬಹಳ ಹೆಚ್ಚು ಪ್ರವಾಹ ಎಳೆಯಬಹುದು. ಅವುಗಳಿಗೆ ದಪ್ಪ ತಂತಿ ಹಾಕಿ, ರಿಲೇಯ ತುದಿಯಲ್ಲಿಯೇ ವೋಲ್ಟೇಜನ್ನು ಅಳೆಯಿರಿ. ಬಿಸಿಲಲ್ಲಿ ಕಾದ ಕಾಯಿಲಿನ ಪ್ರತಿರೋಧ ಏರಿ ಹಿಡಿತ ಸಡಿಲವಾಗುತ್ತದೆ. ವೋಲ್ಟೇಜು ಅಂಚಿನಲ್ಲಿದ್ದರೆ ಕಾಂಟ್ಯಾಕ್ಟ್ ಮೆಲ್ಲಗೆ ಒತ್ತಿ ನಿಂತು, ಪ್ರಸಾರದ ಪ್ರವಾಹಕ್ಕೆ ಬಿಸಿಯಾಗುತ್ತದೆ.

ಪ್ರತಿ ಕಾಯಿಲಿಗೂ ಅಡ್ಡಲಾಗಿ ಒಂದು ಡಯೋಡ್ ಕಡ್ಡಾಯ. 1ಎನ್4007 ಸಾಕು, ಗೆರೆಯಿರುವ ತುದಿ ಧನ ಬದಿಗೆ. ಅದಿಲ್ಲದಿದ್ದರೆ ವಿದ್ಯುತ್ ಕಡಿದ ಕ್ಷಣ ಕಾಯಿಲ್ ನೂರಾರು ವೋಲ್ಟಿನ ಸಿಡಿತವನ್ನು ಹಿಂದಕ್ಕೆ ದೂಡುತ್ತದೆ, ಓಡಿಸುತ್ತಿರುವ ಟ್ರಾನ್ಸಿಸ್ಟರ್ ಸಾಯುತ್ತದೆ. ಆದರೆ ಡಯೋಡ್ ರಿಲೇಯನ್ನು ತಡವಾಗಿ ಬಿಡಿಸುತ್ತದೆ, ಕಾಂಟ್ಯಾಕ್ಟ್‌ಗಳು ನಿಧಾನವಾಗಿ ಬೇರೆಯಾಗುತ್ತವೆ. ಡಯೋಡಿನ ಸರಣಿಯಲ್ಲಿ, ಅದಕ್ಕೆ ತಿರುಗುಮುರುಗಾಗಿ, 24 ವೋಲ್ಟಿನ ಒಂದು ಜೀನರ್ (ನಿಗದಿತ ವೋಲ್ಟೇಜು ಮುಟ್ಟಿದಾಗ ಹಿಮ್ಮುಖ ಹರಿವಿಗೂ ದಾರಿ ಬಿಡುವ ಡಯೋಡ್) ಸೇರಿಸಿದರೆ ಬಿಡುವ ವೇಗ ಬಹುಮಟ್ಟಿಗೆ ಮರಳುತ್ತದೆ. ಓಡಿಸುವ ಟ್ರಾನ್ಸಿಸ್ಟರ್ ಆಗ 40 ವೋಲ್ಟಿಗೂ ಮೀರಿ ತಾಳುವಂಥದ್ದಿರಬೇಕು. ಕಾಯಿಲುಗಳನ್ನು ಓಡಿಸಲು ಯುಎಲ್‌ಎನ್2003 ಚಿಪ್ ಬಳಸುವವರು ಅದರ 9ನೇ ಕಾಲನ್ನು ರಿಲೇಯ ಧನ ಪೂರೈಕೆಗೆ ಕೂಡಿಸುವುದನ್ನು ಮರೆಯಬಾರದು. ಒಳಗಿನ ಡಯೋಡುಗಳು ಅಲ್ಲಿಗೆ ಬಂದು ಸೇರುತ್ತವೆ. ಕೂಡಿಸದಿದ್ದರೆ ಅವು ಇದ್ದೂ ಇಲ್ಲದಂತೆ.

ನಿಯಂತ್ರಣದ ಪ್ರತಿ ತಂತಿಗೂ ಡಬ್ಬಿಯ ಒಳಬಾಗಿಲಲ್ಲಿ ನೆಲಕ್ಕೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ಕೇಬಲ್ಲನ್ನು ಫೆರೈಟ್ ಬಳೆಯಲ್ಲಿ ಕೆಲವು ಸುತ್ತು ಸುತ್ತಿ. ಇಲ್ಲದಿದ್ದರೆ ಆ ಕೇಬಲ್ಲೇ ಆಂಟೆನಾ ಆಗಿ ಆರ್‌ಎಫ್ ಅನ್ನು ರೇಡಿಯೋ ಕೋಣೆಯೊಳಗೆ ತರುತ್ತದೆ.

ಹಂತ 6: ಪ್ರಸಾರದ ನಡುವೆ ರಿಲೇ ಅಲುಗದಂತೆ ಬೀಗ ಹಾಕಿ

ನಾನು ಅತಿ ಹೆಚ್ಚು ಸಮಯ ಕಳೆದದ್ದು ಇಲ್ಲಿ. ‘ಜಾಗ್ರತೆಯಿಂದ ಇರುತ್ತೇನೆ’ ಎಂಬುದು ಬೀಗವಲ್ಲ. ರೇಡಿಯೋ ಸ್ಪರ್ಧೆಯ ಮೂವತ್ತನೆಯ ಗಂಟೆಯಲ್ಲಿ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತದೆ.

ಬೀಗಕ್ಕೆ ಎರಡು ಭಾಗಗಳಿವೆ. ಮೊದಲನೆಯದು, ಪ್ರಸಾರ ನಡೆಯುತ್ತಿರುವಾಗ ಆಂಟೆನಾ ಬದಲಿಸುವ ಆಜ್ಞೆಯನ್ನು ನಿಯಂತ್ರಣ ಪೆಟ್ಟಿಗೆ ಕೇಳಿಸಿಕೊಳ್ಳಬಾರದು. ಎರಡನೆಯದು, ರಿಲೇಗಳು ಚಲಿಸುತ್ತಿರುವಾಗ ಪ್ರಸಾರ ಆರಂಭವಾಗಬಾರದು. ಒಂದು ಮಾತ್ರ ಇದ್ದರೆ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ.

ಪ್ರಸಾರ ನಡೆಯುತ್ತಿದೆಯೇ ಎಂದು ಪೆಟ್ಟಿಗೆಗೆ ತಿಳಿಯುವುದು ಹೇಗೆ? ಮೈಕಿನ ಪಿಟಿಟಿ ತಂತಿಯನ್ನು ನೋಡಿದರೆ ಸಾಲದು. ಕಂಪ್ಯೂಟರಿನಿಂದ ಬರುವ ಆಜ್ಞೆ ಯುಎಸ್‌ಬಿ ಮೂಲಕ ರೇಡಿಯೋವನ್ನು ಪ್ರಸಾರಕ್ಕೆ ಹಾಕಬಲ್ಲದು, ಬ್ರೇಕ್-ಇನ್‌ನಲ್ಲಿ (ಕೀ ಒತ್ತಿದೊಡನೆ ತಾನಾಗಿ ಪ್ರಸಾರಕ್ಕೆ ಹೋಗುವ ಕ್ರಮ) ಮೋರ್ಸ್ ಕೀ ಒತ್ತಿದರೂ ಆಗುತ್ತದೆ, ಟ್ಯೂನರ್ ಗುಂಡಿಯಿಂದಲೂ ಆಗುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನು ಎಬ್ಬಿಸಲು ರೇಡಿಯೋ ಹೊರಗೆ ಕೊಡುವ ಸೆಂಡ್ ಸಂಕೇತವನ್ನು ನೋಡಿ. ಜೊತೆಗೆ ಕೇಬಲ್ಲಿನಿಂದ ತುಸು ಆರ್‌ಎಫ್ ಕದ್ದು ಡಯೋಡಿನಿಂದ ಡಿಸಿ ಮಾಡಿ ಅದನ್ನೂ ನೋಡಿ. ಎಸ್‌ಎಸ್‌ಬಿ ಎಂಬ ಮಾತಿನ ಪ್ರಸಾರದ ಬಗೆಯಲ್ಲಿ ಮಾತಿನ ನಡುವೆ ಆರ್‌ಎಫ್ ಸೊನ್ನೆಗಿಳಿಯುತ್ತದೆ. ಹಾಗಾಗಿ ಆರ್‌ಎಫ್ ಹೋದ ಮೇಲೂ ಅರ್ಧ ಸೆಕೆಂಡು ಬೀಗ ಬಿದ್ದಿರಲಿ. ಎರಡು ಸೂಚನೆಗಳಲ್ಲಿ ಯಾವುದೊಂದು ಇದ್ದರೂ ಆಂಟೆನಾ ಬದಲಾಗಬಾರದು.

ಪ್ರಸಾರವನ್ನು ತಡೆಯಲು ನಿಮ್ಮ ರೇಡಿಯೋದಲ್ಲಿ ‘ಇನ್ಹಿಬಿಟ್’ ಒಳದಾರಿ ಇದ್ದರೆ ಅದೇ ಶ್ರೇಷ್ಠ. ಇಲ್ಲದಿದ್ದರೆ ಕನಿಷ್ಠ ಆಂಪ್ಲಿಫೈಯರಿನ ಕೀ ತಂತಿಯನ್ನಾದರೂ ಕಡಿಯಿರಿ. 100 ವ್ಯಾಟಿನ ಕಿಡಿ ಕೆಟ್ಟದ್ದೇ, 1000 ವ್ಯಾಟಿನದು ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರನ್ನೂ ಜೊತೆಗೆ ಕೊಂಡೊಯ್ಯಬಹುದು.

ಬದಲಾವಣೆಯ ಕ್ರಮ ಹೀಗಿರಲಿ:

1. ಇನ್ಹಿಬಿಟ್ ಹಾಕಿ, 20 ಮಿಲಿಸೆಕೆಂಡು ಕಾಯಿರಿ.
2. ಹಳೆಯ ರಿಲೇಯನ್ನು ಬಿಡಿಸಿ, 20 ಮಿಲಿಸೆಕೆಂಡು ಕಾಯಿರಿ.
3. ಹೊಸ ರಿಲೇಯನ್ನು ಹಿಡಿಸಿ, 20 ಮಿಲಿಸೆಕೆಂಡು ಕಾಯಿರಿ.
4. ಇನ್ಹಿಬಿಟ್ ತೆಗೆಯಿರಿ.

ಇಂಥ ರಿಲೇಗಳು ಸಾಮಾನ್ಯವಾಗಿ 5ರಿಂದ 15 ಮಿಲಿಸೆಕೆಂಡಿನಲ್ಲಿ ಹಿಡಿಯುತ್ತವೆ. ಹಿಡಿದ ಮೇಲೂ ಕಾಂಟ್ಯಾಕ್ಟ್ ಕೆಲವು ಮಿಲಿಸೆಕೆಂಡು ಪುಟಿಯುತ್ತಿರುತ್ತದೆ. 20 ಎಂದದ್ದು ಆ ಪುಟಿತವನ್ನೂ ಸೇರಿಸಿ. ಡಯೋಡ್ ಒಂದೇ ಇದ್ದು ಜೀನರ್ ಇಲ್ಲದಿದ್ದರೆ ಎರಡನೆಯ ಕಾಯುವಿಕೆಯನ್ನು 40ಕ್ಕೆ ಏರಿಸಿ. ಒಟ್ಟಾರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ ಇದು.

ರೇಡಿಯೋದ ಬ್ಯಾಂಡಿಗೆ ತಕ್ಕಂತೆ ಆಂಟೆನಾವನ್ನು ತಾನಾಗಿ ಬದಲಿಸುವ ಬ್ಯಾಂಡ್ ಡಿಕೋಡರ್ ಇರುವವರು ಇನ್ನೂ ಹುಷಾರಾಗಿರಬೇಕು. ಕಂಪ್ಯೂಟರ್ ಪ್ರೋಗ್ರಾಂ ಬ್ಯಾಂಡ್ ಬದಲಿಸಿದ ಮರುಕ್ಷಣವೇ ಪ್ರಸಾರಕ್ಕೆ ಇಳಿಯಬಹುದು, ಬ್ಯಾಂಡಿನ ಮಾಹಿತಿ ಡಿಕೋಡರಿಗೆ ಅದಕ್ಕಿಂತ ತಡವಾಗಿ ತಲುಪಬಹುದು. ಪ್ರೋಗ್ರಾಮಿನಲ್ಲಿಯೇ ಬ್ಯಾಂಡ್ ಬದಲಾವಣೆಗೂ ಪ್ರಸಾರಕ್ಕೂ ನಡುವೆ ಬಿಡುವು ಇಡಿ.

ಹಂತ 7: ಸಿಡಿಲಿನ ಮಾತು

ರಿಲೇ ನೆಲಕ್ಕೆ ಕೂಡಿದೆ ಎಂದ ಮಾತ್ರಕ್ಕೆ ಸಿಡಿಲಿನಿಂದ ರಕ್ಷಣೆ ಇದೆ ಎಂದು ದಯವಿಟ್ಟು ತಿಳಿಯಬೇಡಿ. ಸಾಧಾರಣ ಸಿಡಿಲಿನಲ್ಲೇ ಹತ್ತಾರು ಸಾವಿರ ಆಂಪಿಯರ್ ಇರುತ್ತದೆ. ರಿಲೇಯೊಳಗಿನ ತೆಳು ಸ್ಪ್ರಿಂಗು ಆವಿಯಾಗಿ ಹೋಗುತ್ತದೆ. ಮುಗಿಲಿನಿಂದ ಅಷ್ಟು ದೂರ ಹಾರಿ ಬಂದ ಮಿಂಚಿಗೆ ಕಾಂಟ್ಯಾಕ್ಟ್‌ಗಳ ನಡುವಿನ ಕೂದಲೆಳೆಯ ಅಂತರ ಅಡ್ಡಿಯೇ ಅಲ್ಲ. ನೆಲಕ್ಕೆ ಕೂಡಿದ ರಿಲೇ ಒಂದೇ ಒಂದು ಉಪಕಾರ ಮಾಡುತ್ತದೆ: ಗಾಳಿ, ಮಳೆಯಿಂದ ತಂತಿಯ ಮೇಲೆ ಕೂಡುವ ಸ್ಥಿರ ವಿದ್ಯುತ್ತನ್ನು ಇಳಿಸುತ್ತದೆ. ಆರಿಸಿದ ಆಂಟೆನಾಕ್ಕೆ ಅದೂ ಇಲ್ಲ. ಅದಕ್ಕಾಗಿ ಪ್ರತಿ ಆಂಟೆನಾ ಕನೆಕ್ಟರಿನಿಂದ ನೆಲಕ್ಕೆ ಒಟ್ಟು 100 ಕಿಲೋಓಮ್, 2 ವ್ಯಾಟಿನಷ್ಟು ರೆಸಿಸ್ಟರ್ ಹಾಕಿ. ಒಂದರ ಬದಲು ಎರಡನ್ನು ಸರಣಿಯಲ್ಲಿಟ್ಟರೆ ವೋಲ್ಟೇಜು ಹಂಚಿಹೋಗುತ್ತದೆ.

ಮನೆಯೊಳಗೆ ಕೇಬಲ್ ಬರುವ ಜಾಗದಲ್ಲಿ ಗ್ಯಾಸ್ ಟ್ಯೂಬಿನ ಅರೆಸ್ಟರ್ (ಅತಿ ವೋಲ್ಟೇಜು ಬಂದಾಗ ಅದನ್ನು ನೆಲಕ್ಕೆ ಇಳಿಸುವ ಸಾಧನ), ಅದಕ್ಕೆ ದಪ್ಪನೆಯ ಗಿಡ್ಡ ನೆಲದ ತಂತಿ, ಆ ನೆಲ ಮನೆಯ ವಿದ್ಯುತ್ತಿನ ನೆಲಕ್ಕೂ ಕೂಡಿರುವುದು. ಇವು ಬೇಕೇ ಬೇಕು. ಗುಡುಗು ಕೇಳುವ ಮುನ್ನವೇ, ಮೋಡ ಕವಿಯುವ ಹೊತ್ತಿಗೆ, ಎಲ್ಲ ಕೇಬಲ್ಲುಗಳನ್ನೂ ರಿಲೇಯ ನಿಯಂತ್ರಣ ಕೇಬಲ್ಲನ್ನೂ ಕಿತ್ತು ಹೊರಗಿಡಿ. ಗುಡುಗು ಶುರುವಾದ ಮೇಲೆ ಅವುಗಳನ್ನು ಮುಟ್ಟಬೇಡಿ.

ಹಂತ 8: ಪರೀಕ್ಷೆ

ಮೊದಲು ಮಲ್ಟಿಮೀಟರ್. ಪ್ರತಿ ಸ್ಥಾನದಲ್ಲೂ ಯಾವುದು ಯಾವುದಕ್ಕೆ ಕೂಡಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ನಂತರ ಆಂಟೆನಾ ಕನೆಕ್ಟರಿಗೆ 50 ಓಮ್ ಲೋಡ್ ಹಾಕಿ, ಅನಲೈಸರಿನಿಂದ ರೇಡಿಯೋದ ಕಡೆಯಿಂದ ಎಸ್‌ಡಬ್ಲ್ಯುಆರ್ ನೋಡಿ. 30 ಮೆಗಾಹರ್ಟ್ಸ್‌ವರೆಗೆ 1.2ರೊಳಗೆ ಇದ್ದರೆ ಒಳಗಿನ ತಂತಿ ಸರಿಯಾಗಿದೆ. ನ್ಯಾನೋವಿಎನ್‌ಎ ಎಂಬ ಪುಟ್ಟ ಅಳತೆ ಉಪಕರಣ ಇದ್ದರೆ ಒಂದು ಆಂಟೆನಾ ಕನೆಕ್ಟರಿನಿಂದ ಇನ್ನೊಂದಕ್ಕೆ ಎಷ್ಟು ಸೋರುತ್ತಿದೆ ಎಂದೂ ಅಳೆಯಿರಿ.

ಬೀಗದ ಪರೀಕ್ಷೆಯನ್ನು ಡಮ್ಮಿ ಲೋಡಿನ ಮೇಲೆ, 5 ವ್ಯಾಟಿನಲ್ಲಿ ಮಾಡಿ. ಪ್ರಸಾರ ಹಿಡಿದುಕೊಂಡು ಸ್ವಿಚ್ಚು ತಿರುಗಿಸಿ. ರಿಲೇಯ ಟಿಕ್ ಸದ್ದು ಕೇಳಬಾರದು. ಮೈಕು, ಮೋರ್ಸ್ ಕೀ, ಕಂಪ್ಯೂಟರ್, ಟ್ಯೂನರ್ ಗುಂಡಿ, ನಾಲ್ಕೂ ದಾರಿಯಿಂದ ಹೀಗೆ ನೋಡಿ. ಎಲ್ಲವೂ ಸರಿಯಿದ್ದರೆ ಶಕ್ತಿಯನ್ನು 10, 50, 100 ಎಂದು ಏರಿಸಿ, ಪ್ರತಿ ಬಾರಿ ಕೆಲವು ನಿಮಿಷ ಪ್ರಸಾರ ಮಾಡಿ. ಪ್ರಸಾರ ನಿಲ್ಲಿಸಿ, ವಿದ್ಯುತ್ ತೆಗೆದು, ಆಮೇಲೆ ಮಾತ್ರ ರಿಲೇಗಳ ಮೈ ಮುಟ್ಟಿ ನೋಡಿ. ಕಾಯಿಲಿನ ಬಿಸಿ ಮಾಮೂಲು. ಅದೇ ಹೊತ್ತು ಹಿಡಿದಿದ್ದ ಇನ್ನೊಂದು ರಿಲೇಗಿಂತ ಇದು ಹೆಚ್ಚು ಕಾದಿದ್ದರೆ ಕಾಂಟ್ಯಾಕ್ಟ್ ಸಂಶಯಾಸ್ಪದ. ತೆರೆದ ಡಬ್ಬಿಯ ಮುಂದೆ ಪ್ರಸಾರ ಮಾಡುವಾಗ ಬೆರಳು ದೂರವಿರಲಿ. ಆರ್‌ಎಫ್‌ನ ಸುಟ್ಟಗಾಯ ಆಳವಾಗಿರುತ್ತದೆ, ನಿಧಾನವಾಗಿ ಮಾಯುತ್ತದೆ.

ಹಂತ 9: ಹೊರಗೆ ಕೂರಿಸುವುದು, ಆಮೇಲಿನ ನಿಗಾ

ಕನೆಕ್ಟರುಗಳೆಲ್ಲ ಕೆಳಮುಖವಾಗಿರಲಿ. ಡಬ್ಬಿಯ ತಳದಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆದು, ಹುಳು ನುಗ್ಗದಂತೆ ಸಣ್ಣ ಜಾಲರಿ ಅಂಟಿಸಿ. ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ನೀರು ಬೆವರಿ ನಿಲ್ಲುತ್ತದೆ, ತೂತಿದ್ದರೆ ಇಳಿದುಹೋಗುತ್ತದೆ. ಪ್ರತಿ ಕೇಬಲ್ಲೂ ಡಬ್ಬಿಗೆ ಬರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಮೇಲೇರಲಿ, ಮಳೆಯ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಹೊಸದಾಗಿದ್ದಾಗ ಪ್ರತಿ ಆಂಟೆನಾದ ಎಸ್‌ಡಬ್ಲ್ಯುಆರ್ ಅನ್ನು, ಪ್ರತಿ ಬ್ಯಾಂಡಿನಲ್ಲಿ, ಡಬ್ಬಿಯ ಮೂಲಕ ಅಳೆದು ಲಾಗ್‌ಬುಕ್ಕಿನ ಹಿಂಬದಿಯ ರಟ್ಟಿನ ಒಳಗೆ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಒಂದೇ ಆಂಟೆನಾದ ಅಂಕಿ ಬದಲಾಗಿದ್ದರೆ ಆ ಆಂಟೆನಾ, ಅದರ ಕೇಬಲ್, ಅದರ ರಿಲೇ ಮೂರನ್ನೂ ನೋಡಿ. ಎಲ್ಲವೂ ಒಟ್ಟಿಗೆ ಬದಲಾಗಿದ್ದರೆ ರೇಡಿಯೋದ ಬದಿಯ ರಿಲೇ ಅಥವಾ ಕನೆಕ್ಟರ್. ಸ್ಥಾನ ಬದಲಿಸಿದರೂ ಎರಡು ಆಂಟೆನಾಗಳ ಅಂಕಿ ಒಂದೇ ಬರುತ್ತಿದ್ದರೆ, ಅಥವಾ ಆಫ್ ಸ್ಥಾನದಲ್ಲೂ ಬ್ಯಾಂಡಿನ ಸದ್ದು ಎಂದಿನಂತೆ ಕೇಳುತ್ತಿದ್ದರೆ, ಒಂದೋ ಎರಡೋ ರಿಲೇ ಬೆಸೆದುಕೊಂಡಿರಬಹುದು. ಅಂಥದ್ದನ್ನು ತಟ್ಟಿ ಬಿಡಿಸಿ ಮತ್ತೆ ಬಳಸಬೇಡಿ. ಒಮ್ಮೆ ಕರಗಿದ ಮೈ ಮುಂದಿನ ಬಾರಿ ಇನ್ನೂ ಬೇಗ ಅಂಟುತ್ತದೆ. ಬಿಚ್ಚಿ ತೆಗೆದು ಹೊಸದನ್ನು ಬೆಸುಗೆ ಹಾಕಿ, ಹಂತ 8ರ ಬೀಗದ ಪರೀಕ್ಷೆಯನ್ನು 5 ವ್ಯಾಟಿನಿಂದ ಮತ್ತೆ ಆರಂಭಿಸಿ.